ಆಕಾಶದ ಸದ್ದು ಹಿಡಿದ ಕಾರ್ಲ್ ಜಾನ್‌ಸ್ಕಿ

ಏಪ್ರಿಲ್-ಮೇ ತಿಂಗಳ ಸಂಜೆ ಕಪ್ಪತಗುಡ್ಡದ ಮೇಲೆ ಮೋಡ ಕಟ್ಟಿದರೆ ಗದಗ-ಬೆಟಗೇರಿಯ ಹಳೆಯ ಮನೆಗಳಲ್ಲಿ ರೇಡಿಯೊ ಏನು ಮಾಡುತ್ತಿತ್ತು ಎಂದು ನಿಮ್ಮ ಅಜ್ಜ-ಅಜ್ಜಿಯರನ್ನು ಕೇಳಿ ನೋಡಿ. ಧಾರವಾಡ ಆಕಾಶವಾಣಿಯ ವಾರ್ತೆ ಬರುತ್ತಿರುವಾಗಲೇ ಮಧ್ಯೆ ಕರಕರ, ಚಟಚಟ ಎಂಬ ಸದ್ದು. ಮಿಂಚು ಲಕ್ಷ್ಮೇಶ್ವರದ ಕಡೆ ಹೊಡೆದಿರುತ್ತಿತ್ತು, ಸದ್ದು ಮಾತ್ರ ಇಲ್ಲಿನ ರೇಡಿಯೊದಲ್ಲಿ. ಒಂದಿಬ್ಬರು ಎದ್ದು ರೇಡಿಯೊಕ್ಕೆ ಎರಡು ಏಟು ಕೊಟ್ಟು ನೋಡುತ್ತಿದ್ದರು. ತಪ್ಪು ರೇಡಿಯೊದ್ದಲ್ಲ. ಮಿಂಚು ಎಂದರೆ ಕ್ಷಣಮಾತ್ರ ಹರಿಯುವ ಭಾರೀ ವಿದ್ಯುತ್ ಪ್ರವಾಹ. ಅದು ಬೆಳಕಿನ ಜೊತೆಗೆ ರೇಡಿಯೊ ಅಲೆಗಳನ್ನೂ ಹೊರಹಾಕುತ್ತದೆ, ಆಂಟೆನಾ ಅವನ್ನೂ ಹಿಡಿಯುತ್ತದೆ.

ಈ ಕರಕರ ಸದ್ದು ಎಲ್ಲೆಲ್ಲಿಂದ ಬರುತ್ತದೆ ಎಂದು ಪಟ್ಟಿ ಮಾಡುವ ಕೆಲಸಕ್ಕೆಂದೇ ಸಂಬಳ ಪಡೆದ ಒಬ್ಬ ಯುವಕನ ಕಥೆ ಇದು. ಆತನ ಹೆಸರು ಕಾರ್ಲ್ ಗುಥೆ ಜಾನ್‌ಸ್ಕಿ. ರೇಡಿಯೊ ಖಗೋಳವಿಜ್ಞಾನದ ಜನಕ ಎಂದು ಜಗತ್ತು ಇಂದು ಆತನನ್ನು ಕರೆಯುತ್ತದೆ. ಬದುಕಿದ್ದಾಗ ಆತ ಖಗೋಳವಿಜ್ಞಾನಿ ಆಗಿರಲೇ ಇಲ್ಲ. ದೂರವಾಣಿ ಕಂಪನಿಯ ನೌಕರನಾಗಿದ್ದ.

ಜಾನ್‌ಸ್ಕಿ ಹುಟ್ಟಿದ್ದು 1905ರ ಅಕ್ಟೋಬರ್ 22ರಂದು, ಅಮೆರಿಕದ ಓಕ್ಲಹೋಮದ ನಾರ್ಮನ್ ಎಂಬ ಊರಿನಲ್ಲಿ. ತಂದೆ ಸಿರಿಲ್ ಜಾನ್‌ಸ್ಕಿ ಎಂಜಿನಿಯರಿಂಗ್ ಕಲಿಸುವ ಪ್ರಾಧ್ಯಾಪಕರು. ಅವರ ಹಿರಿಯರು ಚೆಕ್ ನಾಡಿನಿಂದ ವಲಸೆ ಬಂದವರು. ತನಗೆ ಭೌತಶಾಸ್ತ್ರ ಕಲಿಸಿದ ಕಾರ್ಲ್ ಗುಥೆ ಎಂಬ ಗುರುವಿನ ಹೆಸರನ್ನೇ ತಂದೆ ಮಗನಿಗೆ ಇಟ್ಟರು. ಮುಂದೆ ಕುಟುಂಬ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಬಂತು. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಕಾರ್ಲ್ ಭೌತಶಾಸ್ತ್ರದಲ್ಲಿ ಪದವಿ ಪಡೆದ. ಅದು 1927. ಓದಿನ ಜೊತೆಗೆ ಆಟದಲ್ಲೂ ಮುಂದೆ. ವಿಶ್ವವಿದ್ಯಾಲಯದ ಐಸ್ ಹಾಕಿ ತಂಡದಲ್ಲಿದ್ದ.

ಆದರೆ ಕಾಲೇಜಿನ ದಿನಗಳಲ್ಲೇ ಮೂತ್ರಪಿಂಡದ ಕಾಯಿಲೆ ಅಂಟಿಕೊಂಡಿತು. ಆಗ ಅದಕ್ಕೆ ಬ್ರೈಟ್ಸ್ ರೋಗ ಎನ್ನುತ್ತಿದ್ದರು. ಡಯಾಲಿಸಿಸ್ ಇಲ್ಲ, ಕಸಿ ಇಲ್ಲ, ಪಥ್ಯವೇ ಔಷಧ. 1928ರಲ್ಲಿ ಬೆಲ್ ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದಾಗ ಕಂಪನಿ ಈ ಕಾಯಿಲೆ ಕಂಡು ಹಿಂಜರಿಯಿತು. ಕಾರ್ಲ್‌ನ ಅಣ್ಣ ಆಗಲೇ ಹೆಸರು ಮಾಡಿದ್ದ ರೇಡಿಯೊ ಎಂಜಿನಿಯರ್. ಆತ ನಡುವೆ ಬಂದು ಮಾತಾಡಿದ ಮೇಲೆ ಕೆಲಸ ಸಿಕ್ಕಿತು. ಅಣ್ಣನ ಶಿಫಾರಸು ಇಲ್ಲದಿದ್ದರೆ ಈ ಲೇಖನ ಇರುತ್ತಿರಲಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ನ್ಯೂಯಾರ್ಕ್ ನಗರದ ಒತ್ತಡ ಈ ಹುಡುಗನಿಗೆ ಆಗಿಬರದು ಎಂದು ಕಂಪನಿ ಆತನನ್ನು ನ್ಯೂಜೆರ್ಸಿಯ ಹಳ್ಳಿಗಾಡಿನ ಕೇಂದ್ರಕ್ಕೆ ಕಳಿಸಿತು. ಹೀಗೆ ರೋಗವೇ ಆತನನ್ನು ಬಯಲಿಗೆ ತಂದು ಬಿಟ್ಟಿತು. ಸುತ್ತ ಆಲೂಗಡ್ಡೆ ಹೊಲ, ಮೇಲೆ ಆಕಾಶ.

ಕೆಲಸ ಏನು? ಅಟ್ಲಾಂಟಿಕ್ ಸಾಗರದ ಆಚೆಗೆ ಮಾತಾಡುವುದು. ನ್ಯೂಯಾರ್ಕ್‌ನಿಂದ ಲಂಡನ್‌ಗೆ ರೇಡಿಯೊ ಮೂಲಕ ದೂರವಾಣಿ ಸೇವೆ 1927ರಲ್ಲಿ ಶುರುವಾಗಿತ್ತು. ಮೊದಲ ಮೂರು ನಿಮಿಷಕ್ಕೆ 75 ಡಾಲರ್! ಅಷ್ಟು ಹಣ ಕೊಟ್ಟವನಿಗೆ ಕರಕರ ಸದ್ದು ಕೇಳಿಸಿದರೆ ಸುಮ್ಮನಿರುತ್ತಾನೆಯೇ? ದೀರ್ಘ ಅಲೆಗಳ ಬದಲು ಹ್ರಸ್ವ ಅಲೆಗಳನ್ನು, ಅಂದರೆ ಸುಮಾರು 10ರಿಂದ 20 ಮೀಟರ್ ಉದ್ದದ ಅಲೆಗಳನ್ನು ಬಳಸುವ ಯೋಜನೆ ಇತ್ತು. ಆ ಅಲೆಗಳಲ್ಲಿ ಅಡ್ಡ ಬರುವ ಸದ್ದು ಯಾವ ದಿಕ್ಕಿನಿಂದ, ಯಾವ ಹೊತ್ತಿನಲ್ಲಿ, ಎಷ್ಟು ಬಲವಾಗಿ ಬರುತ್ತದೆ ಎಂದು ಗೊತ್ತಾದರೆ ಸ್ವೀಕರಿಸುವ ಆಂಟೆನಾವನ್ನು ಆ ದಿಕ್ಕು ತಪ್ಪಿಸಿ ನಿಲ್ಲಿಸಬಹುದು. ಮೇಲಧಿಕಾರಿ ಹೆರಾಲ್ಡ್ ಫ್ರೀಸ್, ಡೆನ್ಮಾರ್ಕ್ ಮೂಲದ ಹೆಸರಾಂತ ಎಂಜಿನಿಯರ್, ಇಪ್ಪತ್ತಮೂರು ತುಂಬದ ಜಾನ್‌ಸ್ಕಿಗೆ ಈ ಕೆಲಸ ಒಪ್ಪಿಸಿದರು. ಹೊಸದಾಗಿ ಬಂದವರಿಗೆ ಕೊಡುವಂಥ ಕೆಲಸವೇ ಅದು.

ದಿಕ್ಕು ತಿಳಿಯಬೇಕು ಎಂದರೆ ಒಂದೇ ಕಡ್ಡಿಯ ಆಂಟೆನಾ ಸಾಲದು. ಅದು ಸುತ್ತಮುತ್ತಲಿನ ಎಲ್ಲವನ್ನೂ ಒಂದೇ ಸಮ ಕೇಳಿಸಿಕೊಳ್ಳುತ್ತದೆ. ಅನೇಕ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ ಒಂದಕ್ಕೊಂದು ಜೋಡಿಸಬೇಕು. ಇದನ್ನೇ ಆಂಟೆನಾ ಅರೇ ಎನ್ನುವುದು, ಕನ್ನಡದಲ್ಲಿ ಆಂಟೆನಾ ಸಾಲು ಎನ್ನೋಣ. ದ್ವಿತೀಯ ಪಿಯುಸಿಯಲ್ಲಿ ವ್ಯತಿಕರಣದ ಪಾಠ ಓದಿದವರಿಗೆ ಇದು ಹೊಸದಲ್ಲ. ಸಾಲಿನ ನೇರ ಎದುರಿನಿಂದ ಬಂದ ಅಲೆ ಎಲ್ಲ ಕಡ್ಡಿಗಳನ್ನೂ ಒಂದೇ ಕ್ಷಣಕ್ಕೆ ಮುಟ್ಟುತ್ತದೆ. ಏರು ಏರಿಗೆ ಕೂಡಿ ಸಂಕೇತ ದೊಡ್ಡದಾಗುತ್ತದೆ. ಓರೆಯಾಗಿ ಬಂದ ಅಲೆ ಒಂದು ಕಡ್ಡಿಯನ್ನು ಮೊದಲು, ಇನ್ನೊಂದನ್ನು ನಂತರ ಮುಟ್ಟುತ್ತದೆ. ಒಂದರ ಏರು ಇನ್ನೊಂದರ ಇಳಿತವನ್ನು ತಿಂದುಹಾಕುತ್ತದೆ. ಹಾಗಾಗಿ ಸಾಲು ಒಂದು ದಿಕ್ಕಿಗೆ ಕಿವಿಗೊಟ್ಟಂತೆ ಕೆಲಸ ಮಾಡುತ್ತದೆ.

ಜಾನ್‌ಸ್ಕಿ ಆರಿಸಿಕೊಂಡದ್ದು 14.6 ಮೀಟರ್ ಉದ್ದದ ಅಲೆ. ಬೆಳಕಿನ ವೇಗವನ್ನು ಇದರಿಂದ ಭಾಗಿಸಿ ನೋಡಿ, 20.5 ಮೆಗಾಹರ್ಟ್ಸ್ ಬರುತ್ತದೆ. ಸಹೋದ್ಯೋಗಿ ಎಡ್ಮಂಡ್ ಬ್ರೂಸ್ ರೂಪಿಸಿದ್ದ ವಿನ್ಯಾಸವನ್ನು ಅನುಸರಿಸಿ ಹಿತ್ತಾಳೆಯ ಕೊಳವೆಗಳನ್ನು ಬಾಗಿಸಿ, ಮರದ ಚೌಕಟ್ಟಿಗೆ ಕಟ್ಟಿಸಿದ. ಚೌಕಟ್ಟಿನ ಉದ್ದ ಸುಮಾರು 29 ಮೀಟರ್, ಅಂದರೆ ಎರಡು ಅಲೆಯಷ್ಟು. ಎತ್ತರ ಸುಮಾರು 6 ಮೀಟರ್. ಒಂದೇ ಸಾಲು ಇದ್ದರೆ ಮುಂದಿನ ಸದ್ದು ಯಾವುದು, ಬೆನ್ನ ಹಿಂದಿನದು ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೆ ಹಿಂದೆ ಇನ್ನೊಂದು ಅಂಥದೇ ಸಾಲು, ಕನ್ನಡಿಯ ಹಾಗೆ.

ಇಷ್ಟು ದೊಡ್ಡದನ್ನು ಎಲ್ಲ ದಿಕ್ಕಿಗೂ ತಿರುಗಿಸುವುದು ಹೇಗೆ? ಜಾನ್‌ಸ್ಕಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ನಾಲ್ಕು ಚಕ್ರ ತರಿಸಿದ. 1927ರಲ್ಲೇ ಆ ಕಾರಿನ ತಯಾರಿಕೆ ನಿಂತಿತ್ತು, ಚಕ್ರಗಳಿಗೇನೂ ಬರ ಇರಲಿಲ್ಲ. ನೆಲದ ಮೇಲೆ ವೃತ್ತಾಕಾರದ ದಾರಿ, ಅದರ ಮೇಲೆ ಚಕ್ರ, ಚಕ್ರದ ಮೇಲೆ ಚೌಕಟ್ಟು, ಎಳೆಯಲು ಸಣ್ಣ ಮೋಟಾರು. 20 ನಿಮಿಷಕ್ಕೆ ಒಂದು ಸುತ್ತು. ನಮ್ಮ ಜಾತ್ರೆ-ಉರುಸುಗಳಲ್ಲಿ ಮಕ್ಕಳು ಕೂರುವ ತಿರುಗು ಕುದುರೆಯ ಹೆಸರನ್ನೇ ಸಹೋದ್ಯೋಗಿಗಳು ಅದಕ್ಕೆ ಇಟ್ಟರು. ನೋಡಲು ಅರ್ಧ ಕಟ್ಟಿ ಬಿಟ್ಟ ಪೆಂಡಾಲಿನಂತಿದ್ದ ಈ ರಚನೆ 1930ರಲ್ಲಿ ಹೋಮ್‌ಡೆಲ್ ಎಂಬ ಊರಿನ ಬಯಲಿನಲ್ಲಿ ನಿಂತಿತು. ಪಕ್ಕದ ಗುಡಿಸಲಿನಂಥ ಕೋಣೆಯಲ್ಲಿ ಜಾನ್‌ಸ್ಕಿಯೇ ಕಟ್ಟಿದ ರಿಸೀವರ್, ಅದಕ್ಕೆ ಜೋಡಿಸಿದ ಪೆನ್ನು, ಉರುಳುವ ಕಾಗದ. ಆಂಟೆನಾ ತಿರುಗಿದಂತೆ ಪೆನ್ನು ಏರಿಳಿದು ಗೆರೆ ಎಳೆಯುತ್ತಿತ್ತು.

ನನ್ನ ಪ್ರಕಾರ ಈ ಕಥೆಯಲ್ಲಿ ಹೆಚ್ಚು ಮೆಚ್ಚಬೇಕಾದ್ದು ರಿಸೀವರನ್ನು. ಎಲ್ಲರ ಕಣ್ಣು ಆ ದೊಡ್ಡ ಆಂಟೆನಾದ ಮೇಲೆಯೇ ಹೋಗುತ್ತದೆ. ಆದರೆ ಸದ್ದನ್ನು ಅಳೆಯುವ ಯಂತ್ರ ತಾನೇ ಸದ್ದು ಮಾಡಿದರೆ ಏನು ಪ್ರಯೋಜನ? ವಾಲ್ವುಗಳ ಕಾಲ ಅದು. ವಾಲ್ವು ಬಿಸಿಯಾದರೆ ಅದರದೇ ಗುಂಯ್‌ಗುಟ್ಟುವಿಕೆ. ಜಾನ್‌ಸ್ಕಿ ತನ್ನ ರಿಸೀವರಿನ ಸ್ವಂತ ಸದ್ದನ್ನು ಆ ಕಾಲಕ್ಕೆ ಸಾಧ್ಯವಿದ್ದಷ್ಟು ತಗ್ಗಿಸಿದ, ತಿಂಗಳುಗಟ್ಟಲೆ ಅದು ಬದಲಾಗದಂತೆ ನೋಡಿಕೊಂಡ. ಇಷ್ಟು ಎಚ್ಚರ ವಹಿಸಿದ್ದರಿಂದಲೇ, ಮುಂದೆ ಕಾಗದದ ಮೇಲೆ ಕಂಡ ಸಣ್ಣ ಉಬ್ಬು ಯಂತ್ರದ ದೋಷ ಅಲ್ಲ ಎಂದು ಹೇಳುವ ಧೈರ್ಯ ಆತನಿಗೆ ಬಂತು.

1931ರಲ್ಲಿ ದಾಖಲೆ ಶುರುವಾಯಿತು. ಮೂರು ಬಗೆಯ ಸದ್ದು ಬೇರೆಬೇರೆಯಾಗಿ ಸಿಕ್ಕವು. ಹತ್ತಿರದ ಗುಡುಗು-ಸಿಡಿಲಿನ ಚಟಚಟ ಒಂದು. ದೂರದ ಗುಡುಗು ಮಳೆಯಿಂದ, ಮೇಲಿನ ವಾತಾವರಣದ ಅಯಾನು ಪದರಕ್ಕೆ ಬಡಿದು ಬಾಗಿ ಬರುವ ಸದ್ದು ಎರಡನೆಯದು. ಇವೆರಡೂ ನಿರೀಕ್ಷಿಸಿದ್ದೇ. ಮೂರನೆಯದು ಕರಕರ ಅಲ್ಲ, ಚಟಚಟವೂ ಅಲ್ಲ. ಕುದಿಯುವ ನೀರಿನ ಪಾತ್ರೆ ಮುಚ್ಚಳದ ಸಂದಿಯಿಂದ ಉಸ್ ಎನ್ನುವಂಥದು. ಬಹಳ ಕ್ಷೀಣ. ದೂರವಾಣಿ ಕಂಪನಿಗೆ ಅದು ತೊಂದರೆಯೇ ಅಲ್ಲ ಎನ್ನುವಷ್ಟು ಕ್ಷೀಣ. ಜಾನ್‌ಸ್ಕಿ ವರದಿಯಲ್ಲಿ ಮೊದಲ ಎರಡನ್ನು ಬರೆದು ಮೂರನೆಯದನ್ನು ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಆತ ಬಿಡಲಿಲ್ಲ. ಆ ಉಸ್ ಸದ್ದು ದಿನಕ್ಕೊಮ್ಮೆ ಸುತ್ತಿ ಬರುತ್ತಿತ್ತು. ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನ ದಕ್ಷಿಣಕ್ಕೆ, ಸಂಜೆ ಪಶ್ಚಿಮಕ್ಕೆ. ಹಾಗೆ ಓಡಾಡುವವನು ಸೂರ್ಯನಲ್ಲದೆ ಇನ್ನಾರು? ಜಾನ್‌ಸ್ಕಿಯೂ ಹಾಗೆಯೇ ಅಂದುಕೊಂಡ. ಇಲ್ಲೊಂದು ತಮಾಷೆಯ ಸಂಗತಿ ಇದೆ. ಆತ ಇದನ್ನು ಗಮನಿಸತೊಡಗಿದ್ದು ಡಿಸೆಂಬರ್-ಜನವರಿಯಲ್ಲಿ. ವರ್ಷದ ಆ ಹೊತ್ತಿನಲ್ಲೇ ಸೂರ್ಯ, ಆ ಸದ್ದಿನ ನಿಜವಾದ ಮೂಲ ಇರುವ ದಿಕ್ಕಿನ ಎದುರಿಗೇ ಬಂದು ನಿಂತಿರುತ್ತಾನೆ. ಜೂನ್‌ನಲ್ಲಿ ಶುರು ಮಾಡಿದ್ದರೆ ಈ ಗೊಂದಲ ಆಗುತ್ತಲೇ ಇರಲಿಲ್ಲ.

ವಾರಗಳು ಕಳೆದಂತೆ ಸದ್ದು ಸೂರ್ಯನ ಜೊತೆ ಬಿಟ್ಟಿತು. ದಿನಕ್ಕೆ ಬರೀ 4 ನಿಮಿಷ ಬೇಗ. ಒಂದು ದಿನದಲ್ಲಿ ಗೊತ್ತಾಗುವಂಥದಲ್ಲ, ತಿಂಗಳಿಗೆ 2 ತಾಸು ಆಗುತ್ತದೆ, ಆರು ತಿಂಗಳಿಗೆ 12 ತಾಸು. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತಾ ಬೇಸಿಗೆಯಿಂದ ಚಳಿಗಾಲಕ್ಕೆ, ಅಲ್ಲಿಂದ ಮಳೆಗಾಲಕ್ಕೆ ಜಾರುವುದನ್ನು ನಾವು ಬಲ್ಲೆವು. ಕಾರಣ, ಅದರ ಲೆಕ್ಕ ಸೂರ್ಯನದಲ್ಲ, ಚಂದ್ರನದು. ಎರಡು ಗಡಿಯಾರ ಜೊತೆಯಾಗಿ ಓಡಿ ಒಂದು ಸ್ವಲ್ಪ ಮುಂದಾಗುತ್ತಿದ್ದರೆ ಅವುಗಳ ಕೀಲಿ ಬೇರೆಬೇರೆ ಎಂದೇ ಅರ್ಥ. ಹಾಗಾದರೆ ಈ ಸದ್ದಿನ ಗಡಿಯಾರ ಯಾವುದು? ಖಗೋಳವಿಜ್ಞಾನ ಓದಿಕೊಂಡಿದ್ದ ಸಹೋದ್ಯೋಗಿ ಸ್ಕೆಲೆಟ್ ಉತ್ತರದ ದಾರಿ ತೋರಿಸಿದ. ಭೂಮಿ ತನ್ನ ಸುತ್ತ ತಿರುಗುವುದರ ಜೊತೆಗೆ ಸೂರ್ಯನ ಸುತ್ತಲೂ ಸರಿಯುತ್ತದೆ. ಆದ್ದರಿಂದ ಸೂರ್ಯ ಮತ್ತೆ ನೆತ್ತಿಗೆ ಬರಲು 24 ತಾಸು ಬೇಕು, ನಕ್ಷತ್ರ ಮತ್ತೆ ಅದೇ ಜಾಗಕ್ಕೆ ಬರಲು 23 ತಾಸು 56 ನಿಮಿಷ ಸಾಕು. ಜಾನ್‌ಸ್ಕಿಯ ಕಾಗದದ ಮೇಲಿದ್ದದ್ದು ಸರಿಯಾಗಿ ಅದೇ ಲೆಕ್ಕ. 1932ರ ಆಗಸ್ಟ್ 31ರಂದು ಅಲ್ಲಿ ಪಾರ್ಶ್ವ ಸೂರ್ಯಗ್ರಹಣ ಆಯಿತು. ಸೂರ್ಯ ಮರೆಯಾದರೂ ಸದ್ದು ತಗ್ಗಲಿಲ್ಲ. ಸೂರ್ಯನ ಮೇಲಿದ್ದ ಕೊನೆಯ ಅನುಮಾನವೂ ಹೋಯಿತು.

ಒಂದು ವರ್ಷದ ದಾಖಲೆ ಪೂರ್ತಿ ಆದ ಮೇಲೆ ಜಾನ್‌ಸ್ಕಿ ದಿಕ್ಕನ್ನು ಗುರುತು ಹಾಕಿದ. ಧನು ರಾಶಿಯ ಕಡೆ, ನಮ್ಮ ಆಕಾಶಗಂಗೆಯ ನಡುಭಾಗ ಇರುವ ಕಡೆ. ಮಳೆಗಾಲದ ಬಿಡುವಿನಲ್ಲಿ, ಆಗಸ್ಟ್‌ನ ಒಂದು ರಾತ್ರಿ ಮೋಡ ಸರಿದರೆ, ಶಿರಹಟ್ಟಿ ಅಥವಾ ಮುಂಡರಗಿಯ ಹೊರಗೆ ದೀಪವಿಲ್ಲದ ಹೊಲದಲ್ಲಿ ನಿಂತು ದಕ್ಷಿಣಕ್ಕೆ ನೋಡಿ. ನೆಲದಿಂದ ಸುಮಾರು 45 ಡಿಗ್ರಿ ಎತ್ತರದಲ್ಲಿ, ಹಾಲು ಚೆಲ್ಲಿದಂತೆ ಕಾಣುವ ಪಟ್ಟೆ ದಪ್ಪಗಾಗಿರುವ ಜಾಗವೇ ಅದು. ಜಾನ್‌ಸ್ಕಿ ಇದ್ದ ಊರಿನಿಂದ ಅದು 20 ಡಿಗ್ರಿಗಿಂತ ಅಷ್ಟೇನೂ ಮೇಲೇರುವುದಿಲ್ಲ. ನಮಗೆ ಸಿಗುವ ನೋಟ ಆತನಿಗೆ ಸಿಕ್ಕಿದ್ದಕ್ಕಿಂತ ಚೆನ್ನಾಗಿದೆ.

1933ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ಒಂದು ಸಭೆಯಲ್ಲಿ ಆತ ಇದನ್ನು ಮಂಡಿಸಿದ. ಸಭೆ ಸಣ್ಣದು, ಪ್ರತಿಕ್ರಿಯೆ ಇನ್ನೂ ಸಣ್ಣದು. ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸುದ್ದಿಯನ್ನು ಮುಖಪುಟದಲ್ಲಿ ಹಾಕಿದಾಗ ಮಾತ್ರ ಗದ್ದಲ ಎದ್ದಿತು. ಮೇ 15ರಂದು ಎನ್‌ಬಿಸಿ ರೇಡಿಯೊ ಜಾಲ ಹೋಮ್‌ಡೆಲ್‌ನಿಂದ ತಂತಿಯ ಮೂಲಕ ಆ ಉಸ್ ಸದ್ದನ್ನು ತರಿಸಿ ದೇಶಕ್ಕೆಲ್ಲ ಕೆಲವು ಸೆಕೆಂಡು ಕೇಳಿಸಿತು. ಬೇರೆ ಲೋಕದವರು ನಮಗೆ ಏನೋ ಹೇಳುತ್ತಿದ್ದಾರೆಯೇ ಎಂಬ ಪ್ರಶ್ನೆ ಜನರಲ್ಲಿ ಹುಟ್ಟಿತು. ಸದ್ದು ಹೊತ್ತೂ ಒಂದೇ ಸಮ ಬರುವುದರಿಂದ ಅದು ಪ್ರಕೃತಿಯದೇ ಎಂದು ಅದೇ ವಾರ್ತೆಯಲ್ಲೇ ತಿಳಿಸಲಾಗಿತ್ತು.

ಆಮೇಲೆ ಏನಾಯಿತು ಎಂಬುದು ಇವತ್ತಿಗೂ ವಾದದ ವಿಷಯ. ಆಕಾಶದ ಈ ಸದ್ದನ್ನು ಇನ್ನೂ ಸ್ಪಷ್ಟವಾಗಿ ಕೇಳಲು ಸುಮಾರು 30 ಮೀಟರ್ ಅಗಲದ ಬೋಗುಣಿ ಆಂಟೆನಾ ಕಟ್ಟಬಹುದು ಎಂಬ ಯೋಚನೆ ಜಾನ್‌ಸ್ಕಿಗಿತ್ತು. ಅದು ಕೈಗೂಡಲಿಲ್ಲ. ಆರ್ಥಿಕ ಮಹಾಕುಸಿತದ ವರ್ಷಗಳು ಅವು, ಕಂಪನಿಯೇ ಖರ್ಚು ಬಿಗಿಹಿಡಿದಿತ್ತು. 1934ರ ಆರಂಭದಲ್ಲಿ ಮನೆಗೆ ಬರೆದ ಪತ್ರದಲ್ಲಿ, ತಾನೀಗ ನಕ್ಷತ್ರಲೋಕದ ಅಲೆಗಳ ಮೇಲೆ ಕೆಲಸ ಮಾಡುತ್ತಿಲ್ಲ, ಫ್ರೀಸ್ ಬೇರೆ ಕೆಲಸಕ್ಕೆ ಹಾಕಿದ್ದಾರೆ ಎಂದು ಬೇಸರ ತೋಡಿಕೊಂಡಿದ್ದಾನೆ. ಫ್ರೀಸ್ ಮಾತ್ರ, ಜಾನ್‌ಸ್ಕಿ ತೀರಿಹೋಗಿ ಹದಿನೈದು ವರ್ಷದ ಮೇಲೆ, ಆತ ಮುಂದುವರಿಸಬೇಕೆಂದು ತಮ್ಮ ಬಳಿ ಕೇಳಿಕೊಂಡೇ ಇರಲಿಲ್ಲ, ಖಗೋಳವಿಜ್ಞಾನಿಗಳಿಗೂ ಆಗ ಆಸಕ್ತಿ ಇರಲಿಲ್ಲ ಎಂದು ಬರೆದರು.

ಇಬ್ಬರಲ್ಲಿ ಯಾರು ಸರಿ? ಎರಡೂ ಸರಿ ಇರಬಹುದು ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ಹೇಳಿಕೊಂಡಷ್ಟು ಬಿಡಿಸಿ ಮೇಲಧಿಕಾರಿಯ ಮುಂದೆ ಹೇಳದವರು ಎಲ್ಲ ಕಡೆಯೂ ಇದ್ದಾರೆ. ಕಾಯಿಲೆಯ ಮೈ, ಹೆಂಡತಿ, ಇಬ್ಬರು ಮಕ್ಕಳು, ಸುತ್ತ ಲಕ್ಷಾಂತರ ಜನ ನಿರುದ್ಯೋಗಿಗಳು. ಕಷ್ಟಪಟ್ಟು ಸಿಕ್ಕ ಕೆಲಸ. ಹಟ ಹಿಡಿಯಲು ಅದು ಒಳ್ಳೆಯ ಕಾಲ ಆಗಿರಲಿಲ್ಲ. ಕಂಪನಿಯ ಕಡೆಯಿಂದ ನೋಡಿದರೆ, ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಎಷ್ಟೇ ಒಳ್ಳೆಯ ರಿಸೀವರ್ ಕಟ್ಟಿದರೂ ಆಕಾಶದ ಈ ಸದ್ದಿಗಿಂತ ಕೆಳಗೆ ಇಳಿಯಲಾಗದು ಎಂಬುದೂ ಒಂದು ಎಂಜಿನಿಯರಿಂಗ್ ಉತ್ತರವೇ. ಆದರೆ ವಿಶ್ವವಿದ್ಯಾಲಯಗಳ ಖಗೋಳವಿಜ್ಞಾನಿಗಳು? ಅವರಿಗೆ ದೂರದರ್ಶಕ ಗೊತ್ತು, ವಾಲ್ವು ಗೊತ್ತಿಲ್ಲ. ಎಂಜಿನಿಯರುಗಳ ಪತ್ರಿಕೆಯಲ್ಲಿ ಬಂದ ಲೇಖನವನ್ನು ಅವರು ಓದಲಿಲ್ಲ, ಓದಿದವರೂ ಕೈ ಹಾಕಲಿಲ್ಲ. ದೋಷ ಹೊರಿಸಲೇಬೇಕಾದರೆ ನಾನು ಅವರ ಮೇಲೆ ಹೊರಿಸುತ್ತೇನೆ.

ಕೈ ಹಾಕಿದವನು ಒಬ್ಬನೇ. ಗ್ರೋಟ್ ರೀಬರ್ ಎಂಬ ಯುವ ಎಂಜಿನಿಯರ್ ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಕೇಳಿದ, ಸಿಗಲಿಲ್ಲ. 1937ರಲ್ಲಿ ಸ್ವಂತ ಹಣದಿಂದ ತನ್ನ ಮನೆಯ ಅಂಗಳದಲ್ಲೇ ಸುಮಾರು 9.5 ಮೀಟರ್ ಅಗಲದ ಬೋಗುಣಿ ಕಟ್ಟಿ ಜಾನ್‌ಸ್ಕಿ ಹೇಳಿದ್ದು ನಿಜ ಎಂದು ತೋರಿಸಿದ. ಜಗತ್ತಿನಲ್ಲಿ ಬಹುಕಾಲ ಆತ ಒಬ್ಬನೇ ರೇಡಿಯೊ ಖಗೋಳವಿಜ್ಞಾನಿ.

ಜಾನ್‌ಸ್ಕಿ 1935ರಲ್ಲಿ ಇನ್ನೊಂದು ಲೇಖನ ಬರೆದು, ಸದ್ದು ಇಡೀ ಆಕಾಶಗಂಗೆಯ ಪಟ್ಟೆಯಿಂದ ಬರುತ್ತದೆ, ನಡುಭಾಗದಲ್ಲಿ ಹೆಚ್ಚು ಎಂದು ವಿವರಿಸಿದ. ಅಲ್ಲಿಗೆ ಆತನ ಆಕಾಶದ ಕೆಲಸ ಮುಗಿಯಿತು. ಯುದ್ಧಕಾಲದಲ್ಲಿ ಶತ್ರು ಜಲಾಂತರ್ಗಾಮಿಗಳು ಕಳಿಸುವ ಸಂಕೇತದ ದಿಕ್ಕು ಪತ್ತೆ ಮಾಡುವ ಯಂತ್ರಗಳ ಮೇಲೆ ದುಡಿದು ಸೇನೆಯ ಮೆಚ್ಚುಗೆ ಪಡೆದ. ಬಿಡುವಿನಲ್ಲಿ ಟೇಬಲ್ ಟೆನಿಸ್. ಕಾಯಿಲೆ ಇದ್ದರೂ ತನ್ನ ಜಿಲ್ಲೆಯ ಚಾಂಪಿಯನ್ ಆಗಿದ್ದ. ರಕ್ತದೊತ್ತಡ ಏರುತ್ತಲೇ ಹೋಯಿತು. 1950ರ ಫೆಬ್ರವರಿ 14ರಂದು ಪಾರ್ಶ್ವವಾಯು ಬಡಿದು ತೀರಿಕೊಂಡಾಗ ವಯಸ್ಸು 44. ಅದಕ್ಕೆ ಸರಿಯಾಗಿ ಹಿಂದಿನ ತಿಂಗಳು ನಮ್ಮ ಧಾರವಾಡದ ಆಕಾಶವಾಣಿ ಶುರುವಾಗಿತ್ತು. ಮರುವರ್ಷವೇ ವಿಜ್ಞಾನಿಗಳು ಆಕಾಶದ ಹೈಡ್ರೋಜನ್ ಹೊರಸೂಸುವ ರೇಡಿಯೊ ಅಲೆಯನ್ನು ಹಿಡಿದರು. ಇನ್ನೊಂದು ಹದಿನೈದು ವರ್ಷ ಬದುಕಿದ್ದರೆ, ಅದೇ ಹೋಮ್‌ಡೆಲ್‌ನಲ್ಲಿ, ಅದೇ ಕಂಪನಿಯ ಪೆಂಜಿಯಾಸ್ ಮತ್ತು ವಿಲ್ಸನ್ ಇನ್ನೊಂದು ಬಿಡಿಸಲಾಗದ ಸದ್ದಿನ ಬೆನ್ನು ಹತ್ತಿ ಬ್ರಹ್ಮಾಂಡದ ಆರಂಭದ ಕುರುಹು ಕಂಡದ್ದನ್ನು ನೋಡುತ್ತಿದ್ದ. ಅವರಿಗೆ 1978ರಲ್ಲಿ ನೊಬೆಲ್ ಬಂತು.

ಜಾನ್‌ಸ್ಕಿಗೆ ಸಿಕ್ಕಿದ್ದು ಒಂದು ಮಾನ. 1973ರಲ್ಲಿ ಆಕಾಶದ ರೇಡಿಯೊ ಮೂಲಗಳ ಬಲ ಅಳೆಯುವ ಮಾನಕ್ಕೆ ಜಾನ್‌ಸ್ಕಿ ಎಂದು ಹೆಸರಿಟ್ಟರು. ನಮ್ಮ ಕೈಯ ಮೊಬೈಲನ್ನು ಚಂದ್ರನ ಮೇಲೆ ಇಟ್ಟು, 200 ಕಿಲೋಹರ್ಟ್ಸ್ ಅಗಲದಲ್ಲಿ 1 ವ್ಯಾಟ್ ಹೊರಸೂಸಿದರೆ ಭೂಮಿಗೆ ತಲುಪುವುದು ಕೆಲವು ನೂರು ಜಾನ್‌ಸ್ಕಿ. ಒಂದು ಜಾನ್‌ಸ್ಕಿ ಎಂದರೆ ಒಂದು ಚದರ ಮೀಟರಿಗೆ, ಒಂದು ಹರ್ಟ್ಸ್‌ಗೆ, ಹತ್ತರ ಮೈನಸ್ 26ನೇ ಘಾತದಷ್ಟು ವ್ಯಾಟ್. ಚಂದ್ರನ ದೂರ ನಿಮಗೆ ಗೊತ್ತಿದೆ, ಲೆಕ್ಕ ಮಾಡಿ ತಾಳೆ ನೋಡಿ. ದೊಡ್ಡ ದೊಡ್ಡ ನೀಹಾರಿಕೆಗಳಿಂದಲೂ ಇಲ್ಲಿಗೆ ತಲುಪುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ.

ಆ ಉಸ್ ಸದ್ದನ್ನು ಕನ್ನಡ ನೆಲದಲ್ಲೂ ಕೇಳುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ, ಗುಡ್ಡಗಳ ಮರೆಯ ಬಯಲಿನಲ್ಲಿ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಒಂದು ಆಂಟೆನಾ ಸಾಲು ಕಟ್ಟಿದವು. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1000 ದ್ವಿಧ್ರುವ ಆಂಟೆನಾಗಳು. ಪೂರ್ವ-ಪಶ್ಚಿಮದ ತೋಳು 1.4 ಕಿಲೋಮೀಟರ್, ದಕ್ಷಿಣದ ತೋಳು ಸುಮಾರು 450 ಮೀಟರ್. 34.5 ಮೆಗಾಹರ್ಟ್ಸ್‌ನಲ್ಲಿ ಕೇಳಿ ಆಕಾಶದ ನಕ್ಷೆ ಬಿಡಿಸಿದ ಸಾಲು ಇದು. ಫೋರ್ಡ್ ಕಾರಿನ ಚಕ್ರ ಇಲ್ಲಿಲ್ಲ. ಕಂಬಗಳು ನಿಂತಲ್ಲೇ ನಿಂತಿರುತ್ತವೆ. ಒಂದೊಂದು ಆಂಟೆನಾದ ಸಂಕೇತವನ್ನು ಬೇಕಾದಷ್ಟು ತಡ ಮಾಡಿ ಕೂಡಿಸಿದರೆ ಕೇಳುವ ದಿಕ್ಕು ತಾನೇ ಸರಿಯುತ್ತದೆ. ನಮ್ಮ ಊರುಗಳ ಮಾಳಿಗೆಯ ಮೇಲೆ ಬಂದಿರುವ 5ಜಿ ಗೋಪುರದ ಚಪ್ಪಟೆ ಪೆಟ್ಟಿಗೆಯೊಳಗೂ ಹತ್ತಾರು ಸಣ್ಣ ಆಂಟೆನಾಗಳು ಇದೇ ಉಪಾಯದಿಂದ ಒಬ್ಬೊಬ್ಬ ಬಳಕೆದಾರನ ಕಡೆ ತಿರುಗುತ್ತವೆ. ಗೌರಿಬಿದನೂರಿನ ಅಲೆಯ ಉದ್ದ 8.7 ಮೀಟರ್. 3.5 ಗಿಗಾಹರ್ಟ್ಸ್‌ನ 5ಜಿ ಅಲೆಯದು 8.6 ಸೆಂಟಿಮೀಟರ್. ನೂರು ಪಟ್ಟು ಚಿಕ್ಕದು, ಅದಕ್ಕೇ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ.

ಹೋಮ್‌ಡೆಲ್‌ನ ಮೂಲ ಆಂಟೆನಾ ಉಳಿಯಲಿಲ್ಲ. ಅದು ಎಲ್ಲಿ ನಿಂತಿತ್ತು ಎಂಬುದೇ ಮರೆತುಹೋಗಿ, ಹಳೆಯ ಫೋಟೊಗಳನ್ನು ಹುಡುಕಿ ಜಾಗ ಪತ್ತೆ ಮಾಡಬೇಕಾಯಿತು. 1998ರಲ್ಲಿ ಅಲ್ಲಿ ಸ್ಮಾರಕ ಇಟ್ಟರು, ಆಂಟೆನಾದ್ದೇ ಆಕಾರದಲ್ಲಿ. ಅದನ್ನು ಸುಮ್ಮನೆ ಹೇಗೆಂದರೆ ಹಾಗೆ ನಿಲ್ಲಿಸಿಲ್ಲ. 1932ರ ಸೆಪ್ಟೆಂಬರ್ 16ರ ಸಂಜೆ 7 ಗಂಟೆ 10 ನಿಮಿಷಕ್ಕೆ, ಉಸ್ ಸದ್ದು ಅತಿ ಹೆಚ್ಚಾಗಿ ಬಂದ ಕ್ಷಣದಲ್ಲಿ, ತಿರುಗುತ್ತಿದ್ದ ಆ ಚೌಕಟ್ಟು ಯಾವ ದಿಕ್ಕಿಗೆ ಮುಖ ಮಾಡಿತ್ತೋ ಅದೇ ದಿಕ್ಕಿಗೆ ಅದು ಈಗಲೂ ಮುಖ ಮಾಡಿದೆ.